ಓದುಗರ ಪ್ರಶ್ನೆ: ಸಂಡೇ ಸ್ಕೂಲಿನ ಮೊದಲ ಪಾಠ ಅಕ್ಷರವೇ ಆಗಿತ್ತು

ಈ ಸಲ ಸಂಡೇ ಸ್ಕೂಲ್, ಅಂದರೆ ಚರ್ಚಿನವರು ಭಾನುವಾರ ನಡೆಸುವ ಪಾಠಶಾಲೆಯ ಬಗ್ಗೆ ಬಂದಿರುವ ಪ್ರಶ್ನೆಗಳನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಕೆಲವರು ಇತಿಹಾಸ ಕೇಳಿದ್ದಾರೆ, ಕೆಲವರು ಈಗ ಮಕ್ಕಳಿಗೆ ಪಾಠ ಹೇಳುವಾಗ ಆಗುವ ಕಷ್ಟ ಬರೆದಿದ್ದಾರೆ. ಇತಿಹಾಸ ಗೊತ್ತಿದ್ದರೆ ಈಗಿನ ಕಷ್ಟಕ್ಕೂ ದಾರಿ ಕಾಣುತ್ತದೆ ಅಂತ ನನಗೆ ಅನ್ನಿಸುತ್ತದೆ. ಅದಕ್ಕೇ ಎರಡನ್ನೂ ಬೇರೆ ಬೇರೆ ಮಾಡಿಲ್ಲ.

ಪ್ರಶ್ನೆ: ಸಂಡೇ ಸ್ಕೂಲ್ ಶುರು ಮಾಡಿದ್ದು ರಾಬರ್ಟ್ ರೈಕ್ಸ್, 1780ರಲ್ಲಿ ಅಂತ ನಮಗೆ ಹೇಳಿಕೊಟ್ಟಿದ್ದರು. ಈಗ ನಮ್ಮ ಚರ್ಚಿನ ಸಭೆಯಲ್ಲಿ ಒಬ್ಬರು ಅದು ತಪ್ಪು, ಅವರಿಗಿಂತ ಮುಂಚೆ ಒಬ್ಬ ಹೆಣ್ಣುಮಗಳು ಶುರು ಮಾಡಿದ್ದರು ಅಂತ ವಾದ ಮಾಡುತ್ತಿದ್ದಾರೆ. ಯಾವುದು ಸರಿ?

ಉತ್ತರ: ಅವರ ಮಾತು ಸರಿ. ಇಂಗ್ಲೆಂಡಿನ ಹೈ ವೈಕೂಂಬ್ ಎಂಬ ಊರಿನಲ್ಲಿ ಹ್ಯಾನಾ ಬಾಲ್ ಎಂಬ ಮೆಥಡಿಸ್ಟ್ ಹೆಣ್ಣುಮಗಳು 1769ರಲ್ಲೇ ಭಾನುವಾರ ಮಕ್ಕಳನ್ನು ಕೂಡಿಸಿ ಕಲಿಸಲು ಶುರು ಮಾಡಿದ್ದರು. ಅಂದರೆ ರೈಕ್ಸ್‌ಗಿಂತ 11 ವರ್ಷ ಮುಂಚೆ. ಅದನ್ನು ಮೆಥಡಿಸ್ಟ್ ಪಂಗಡ ಶುರು ಮಾಡಿದ ಜಾನ್ ವೆಸ್ಲಿಗೆ ಕಾಗದ ಬರೆದು ತಿಳಿಸಿಯೂ ಇದ್ದರು. ಇನ್ನೂ ಹಿಂದಕ್ಕೆ ಹೋದರೆ ಇಟಲಿಯ ಮಿಲಾನ್ ನಗರ ಸಿಗುತ್ತದೆ. ಅಲ್ಲಿ 1536ರಲ್ಲಿ ಕಾಸ್ತೆಲ್ಲಿನೋ ದ ಕಾಸ್ತೆಲ್ಲೊ ಎಂಬ ಪಾದ್ರಿ ಹಬ್ಬದ ದಿನ, ಭಾನುವಾರ ಬಡ ಮಕ್ಕಳಿಗೆ ಓದು, ಬರಹ, ಪ್ರಾರ್ಥನೆ ಕಲಿಸುವ ಶಾಲೆ ಶುರು ಮಾಡಿದರು. ಆಮೇಲೆ ಆರ್ಚ್‌ಬಿಷಪ್ ಆಗಿದ್ದ ಕಾರ್ಲೋ ಬೊರೊಮೆಯೊ ಅಂಥ ನೂರಾರು ಶಾಲೆಗಳನ್ನು ಬೆಳೆಸಿದರು. ಪಾಠ ಹೇಳುತ್ತಿದ್ದವರಲ್ಲಿ ಹೆಚ್ಚಿನವರು ಸಾಮಾನ್ಯ ಜನ, ಪಾದ್ರಿಗಳಲ್ಲ.

ಹಾಗಾದರೆ ರೈಕ್ಸ್ ಹೆಸರು ಯಾಕೆ ನಿಂತಿತು? ಕಾರಣ ಸರಳ. ಅವರ ಕೈಯಲ್ಲಿ ಒಂದು ಪತ್ರಿಕೆ ಇತ್ತು. ಇಂಗ್ಲೆಂಡಿನ ಗ್ಲಾಸ್ಟರ್ ಊರಿನ ಗ್ಲಾಸ್ಟರ್ ಜರ್ನಲ್ ಎಂಬ ವಾರಪತ್ರಿಕೆಯ ಮಾಲೀಕರೂ ಸಂಪಾದಕರೂ ಅವರೇ. ಶಾಲೆ ಶುರುವಾಗಿ ಮೂರು ವರ್ಷ ಸುಮ್ಮನಿದ್ದು, ಇದು ನಡೆಯುತ್ತದೆ ಅಂತ ಖಾತ್ರಿ ಆದ ಮೇಲೆ 1783ರ ನವೆಂಬರ್ 3ರ ಸಂಚಿಕೆಯಲ್ಲಿ ಅದರ ಬಗ್ಗೆ ಒಂದು ಸುದ್ದಿ ಹಾಕಿದರು, ಅದರಲ್ಲಿ ತಮ್ಮ ಹೆಸರು ಬರೆದುಕೊಳ್ಳಲಿಲ್ಲ. ಸುದ್ದಿ ಲಂಡನ್ ಪತ್ರಿಕೆಗಳಿಗೂ ಹೋಯಿತು. ಊರೂರಿನಿಂದ ಕಾಗದಗಳು ಬಂದವು, ಎರಡು ವರ್ಷದಲ್ಲಿ, 1785ರಲ್ಲಿ, ವಿಲಿಯಂ ಫಾಕ್ಸ್ ಎಂಬ ಬಟ್ಟೆ ವ್ಯಾಪಾರಿ ಲಂಡನ್ನಿನಲ್ಲಿ ಇದಕ್ಕೆಂದೇ ಒಂದು ಸಂಘ ಕಟ್ಟಿದರು. ಹ್ಯಾನಾ ಬಾಲ್ ಅವರ ಕೆಲಸ ಒಂದು ಊರಿನದಾಗಿ ಉಳಿಯಿತು, ರೈಕ್ಸ್ ಅವರದು ಚಳವಳಿ ಆಯಿತು. ಅಷ್ಟೇ ವ್ಯತ್ಯಾಸ.

ಇನ್ನೊಬ್ಬರನ್ನು ಮರೆಯಬಾರದು. ರೈಕ್ಸ್ ಜೊತೆ ಸೇರಿ ಶಾಲೆ ಕಟ್ಟಿದ ಥಾಮಸ್ ಸ್ಟಾಕ್ ಎಂಬ ಪಾದ್ರಿ. ಅವರು ಗ್ಲಾಸ್ಟರ್‌ಗೆ ಬರುವ ಮುಂಚೆಯೇ ಬೇರೊಂದು ಊರಿನಲ್ಲಿ ಇಂಥದೇ ಶಾಲೆ ನಡೆಸಿದ್ದರು. ಗ್ಲಾಸ್ಟರ್ ಶಾಲೆಗಳನ್ನು ದಿನನಿತ್ಯ ನೋಡಿಕೊಂಡವರು ಕೂಡ ಜಾಸ್ತಿ ಅವರೇ. ಮೊದಲ ತರಗತಿ ಕೂತದ್ದು ಮೆರಿಡಿತ್ ಎಂಬ ಹೆಂಗಸಿನ ಮನೆಯಲ್ಲಿ. ಮಕ್ಕಳ ಎದುರು ಕೂತು ಅಕ್ಷರ ತೋರಿಸಿದ ಕೈ ಅವರದು. ಶತಮಾನೋತ್ಸವದ ಹೊತ್ತಿಗೆ, ಅಂದರೆ 1880ರಲ್ಲಿ, ಲಂಡನ್ನಿನ ಥೇಮ್ಸ್ ನದಿ ದಂಡೆಯಲ್ಲಿ ರೈಕ್ಸ್ ಅವರ ಪ್ರತಿಮೆ ನಿಲ್ಲಿಸಿದರು. ಮೆರಿಡಿತ್ ಅವರ ಹೆಸರು ಎಷ್ಟು ಜನಕ್ಕೆ ಗೊತ್ತು, ಹೇಳಿ?

ಪ್ರಶ್ನೆ: ಆಗಿನ ಸಂಡೇ ಸ್ಕೂಲ್ ಹೇಗಿತ್ತು? ಈಗಿನ ಹಾಗೆ ಒಂದು ಗಂಟೆ ಹಾಡು, ಕಥೆ, ಪ್ರಾರ್ಥನೆ ಅಷ್ಟೇನಾ?

ಉತ್ತರ: ಇಲ್ಲ. ಇಡೀ ದಿನ ನಡೆಯುತ್ತಿತ್ತು.

ಗ್ಲಾಸ್ಟರ್ ಆಗ ಗುಂಡುಸೂಜಿ ತಯಾರಿಸುವ ಊರು. ಮಕ್ಕಳು ವಾರದಲ್ಲಿ ಆರು ದಿನ ಆ ಕೆಲಸಕ್ಕೆ ಹೋಗುತ್ತಿದ್ದರು. ರಜೆ ಭಾನುವಾರ ಮಾತ್ರ. ಆ ಒಂದು ದಿನ ಅವರನ್ನು ನೋಡಿಕೊಳ್ಳುವವರು ಯಾರೂ ಇಲ್ಲ, ಬೀದಿಯಲ್ಲಿ ಗಲಾಟೆ, ಬೈಗುಳ, ಜೂಜು. ರೈಕ್ಸ್ ಒಮ್ಮೆ ತೋಟದ ಕೆಲಸಕ್ಕೆ ಆಳು ಹುಡುಕಿಕೊಂಡು ಊರಂಚಿನ ಬಡವರ ಕೇರಿಗೆ ಹೋದಾಗ ಹರಕು ಬಟ್ಟೆಯ ಮಕ್ಕಳ ಗುಂಪನ್ನು ನೋಡಿ ಬೇಜಾರು ಮಾಡಿಕೊಂಡರಂತೆ. ಅಲ್ಲಿದ್ದ ಒಬ್ಬ ಹೆಂಗಸು, ಇದೇನು ಸ್ವಾಮಿ, ಭಾನುವಾರ ಬಂದು ನೋಡಿ ಅಂದರಂತೆ. ಇದು ಅವರೇ ಆಮೇಲೆ ಒಂದು ಕಾಗದದಲ್ಲಿ ಬರೆದ ವಿಷಯ.

ಅದಕ್ಕೂ ಮುಂಚೆ ಅವರು ವರ್ಷಗಟ್ಟಲೆ ಜೈಲುಗಳಿಗೆ ಹೋಗಿ ಕೈದಿಗಳಿಗೆ ಸಹಾಯ ಮಾಡುತ್ತಿದ್ದರು. ದೊಡ್ಡವರಾಗಿ ಜೈಲಿಗೆ ಬಂದ ಮೇಲೆ ತಿದ್ದುವುದಕ್ಕಿಂತ ಚಿಕ್ಕವರಿದ್ದಾಗಲೇ ಕೈ ಹಿಡಿಯುವುದು ಒಳ್ಳೆಯದು ಅನ್ನುವ ಯೋಚನೆ ಅಲ್ಲಿಂದ ಬಂತು. ನಾಲ್ಕು ಹೆಂಗಸರನ್ನು ಗೊತ್ತು ಮಾಡಿ, ಒಬ್ಬೊಬ್ಬರಿಗೆ ಭಾನುವಾರಕ್ಕೆ ಒಂದು ಶಿಲ್ಲಿಂಗ್ ಕೊಟ್ಟು, ಮಕ್ಕಳನ್ನು ಕಳಿಸಿದರು. ಮೊದಲ ಟೀಚರ್‌ಗಳು ಸಂಬಳ ತೆಗೆದುಕೊಂಡು ಕಲಿಸಿದವರು. ಉಚಿತವಾಗಿ ಕಲಿಸುವ ಪದ್ಧತಿ ಆಮೇಲೆ ಬಂತು.

ದಿನ ಹೀಗೆ ಸಾಗುತ್ತಿತ್ತು. ಬೆಳಿಗ್ಗೆ ಹತ್ತು ಗಂಟೆ ಹೊತ್ತಿಗೆ ಮಕ್ಕಳು ಬರಬೇಕು, 12ರವರೆಗೆ ಪಾಠ. ಮನೆಗೆ ಹೋಗಿ ಊಟ ಮಾಡಿ ಒಂದು ಗಂಟೆಗೆ ವಾಪಸ್. ಮತ್ತೆ ಒಂದು ಪಾಠ ಓದಿದ ಮೇಲೆ ಸಾಲಾಗಿ ಚರ್ಚಿಗೆ. ಆರಾಧನೆ ಮುಗಿದ ಮೇಲೆ ಮತ್ತೆ ಶಾಲೆಗೆ ಬಂದು ಕ್ಯಾಟಿಕಿಸಂ, ಅಂದರೆ ಪ್ರಶ್ನೆ ಉತ್ತರದ ರೂಪದ ಧರ್ಮಪಾಠ, ಒಪ್ಪಿಸಬೇಕು, ಸಂಜೆ ಐದೂವರೆವರೆಗೆ. ಆಮೇಲೆ ಗದ್ದಲ ಮಾಡದೆ ಮನೆಗೆ ಹೋಗಿ ಅಂತ ಹೇಳಿ ಬಿಡುತ್ತಿದ್ದರು. ವಯಸ್ಸು ಆರರಿಂದ 12–14. ಒಳ್ಳೆ ಬಟ್ಟೆ ಇಲ್ಲ ಅಂತ ಯಾರನ್ನೂ ವಾಪಸ್ ಕಳಿಸುತ್ತಿರಲಿಲ್ಲ. ಕೈ, ಮುಖ ತೊಳೆದಿರಬೇಕು, ತಲೆ ಬಾಚಿರಬೇಕು, ಅಷ್ಟೇ ಷರತ್ತು. ಚೆನ್ನಾಗಿ ಕಲಿತವರಿಗೆ ಬಹುಮಾನವಾಗಿ ಪುಸ್ತಕ ಕೊಡುತ್ತಿದ್ದರು, ಕೆಲವೊಮ್ಮೆ ಬಾಚಣಿಗೆ, ಶೂ ಕೂಡ. ಬಾಚಣಿಗೆ ಬಹುಮಾನ ಆಗುವಷ್ಟು ಬಡತನ ಇದ್ದ ಮನೆಯ ಮಕ್ಕಳು ಅವರು, ಇದನ್ನು ಓದಿದಾಗಲೆಲ್ಲ ನನಗೆ ಕರುಳು ಚುರುಕ್ ಅನ್ನುತ್ತದೆ.

ಕಲಿಸುತ್ತಿದ್ದದ್ದು ಮುಖ್ಯವಾಗಿ ಓದು. ಅಕ್ಷರ, ಕಾಗುಣಿತ, ಚಿಕ್ಕ ಪದ, ಚಿಕ್ಕ ವಾಕ್ಯ, ಕೊನೆಗೆ ಸತ್ಯವೇದ, ಅಂದರೆ ಬೈಬಲ್. ವಾರಕ್ಕೊಂದೇ ದಿನ, ಅದೂ ಆರು ದಿನ ದುಡಿದು ದಣಿದ ಮಗು. ಒಂದು ಪುಟ ತಾನೇ ಓದುವ ಮಟ್ಟಕ್ಕೆ ಬರಲು ವರ್ಷಗಳೇ ಹಿಡಿಯುತ್ತಿತ್ತು. ಆದರೂ ಮಕ್ಕಳು ಬಂದರು. 1831ರ ಹೊತ್ತಿಗೆ ಬ್ರಿಟನ್ನಿನಲ್ಲಿ ಸಂಡೇ ಸ್ಕೂಲಿಗೆ ಹೋಗುವ ಮಕ್ಕಳು ಸುಮಾರು 12 ಲಕ್ಷ. 1851ರ ಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್ ಸೇರಿಯೇ ಸುಮಾರು 24 ಲಕ್ಷ ಹೆಸರು ದಾಖಲಾಗಿತ್ತು. ಸ್ಟಾಕ್‌ಪೋರ್ಟ್ ಎಂಬ ಹತ್ತಿ ಗಿರಣಿಗಳ ಊರಿನಲ್ಲಿ 1784ರಲ್ಲಿ ಶುರುವಾದ ಶಾಲೆ 1805ಕ್ಕೆ ಗಿರಣಿಯಷ್ಟೇ ದೊಡ್ಡ ಕಟ್ಟಡ ಕಟ್ಟಿಕೊಂಡಿತು, ಒಂದೇ ಶಾಲೆಯಲ್ಲಿ ಸಾವಿರಾರು ಮಕ್ಕಳು. ಸರ್ಕಾರ ಬಡವರ ಮಕ್ಕಳಿಗೆ ಶಾಲೆ ಕಟ್ಟುವ ಮುಂಚಿನ ಮಾತು ಇದು, ನೆನಪಿರಲಿ.

ಪ್ರಶ್ನೆ: ಓದು ಕಲಿಸುತ್ತಿದ್ದರು, ಆದರೆ ಬರೆಯಲು ಕಲಿಸಬಾರದು ಅಂತ ನಿಯಮ ಇತ್ತು ಅಂತ ಎಲ್ಲೋ ಓದಿದೆ. ನಿಜನಾ? ನಂಬಲು ಕಷ್ಟ ಆಗುತ್ತಿದೆ.

ಉತ್ತರ: ಎಲ್ಲ ಕಡೆ ಅಲ್ಲ, ಆದರೆ ಬಹಳ ಕಡೆ ನಿಜ. ಇದಕ್ಕೆ ಎರಡು ಕಾರಣ ಇತ್ತು, ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು.

ಒಂದು, ಸಬ್ಬತ್ತಿನ, ಅಂದರೆ ವಾರದ ವಿಶ್ರಾಂತಿ ದಿನದ ಪ್ರಶ್ನೆ. ಸತ್ಯವೇದ ಓದುವುದು ಭಕ್ತಿಯ ಕೆಲಸ, ಹಾಗಾಗಿ ಭಾನುವಾರ ಅಕ್ಷರ ಕಲಿಸಬಹುದು. ಆದರೆ ಬರೆಯುವುದು, ಲೆಕ್ಕ ಮಾಡುವುದು ವ್ಯಾಪಾರದ ಕೆಲಸ, ಅದು ವಿಶ್ರಾಂತಿ ದಿನಕ್ಕೆ ತಕ್ಕದ್ದಲ್ಲ ಅಂತ ವಾದ. ವೆಸ್ಲಿಯನ್ ಮೆಥಡಿಸ್ಟರಲ್ಲಿ ಜೇಬೆಜ್ ಬಂಟಿಂಗ್ ಎಂಬ ನಾಯಕರು ಇದನ್ನು ಗಟ್ಟಿಯಾಗಿ ಹಿಡಿದರು. ಇದರಿಂದ ಎಷ್ಟೋ ಸಭೆಗಳಲ್ಲಿ ಜಗಳ ಆಯಿತು. ಮಕ್ಕಳನ್ನು ಕಳಿಸುತ್ತಿದ್ದ ಕೂಲಿಗಾರ ತಂದೆತಾಯಿಗಳಿಗೆ ಬರವಣಿಗೆ ಬೇಕೇ ಬೇಕಿತ್ತು. ಇನ್ನು ಕೆಲವು ಶಾಲೆಗಳು ನಡುದಾರಿ ಹಿಡಿದು, ಬರಹ ಮತ್ತು ಲೆಕ್ಕವನ್ನು ವಾರದ ನಡುವೆ ಸಂಜೆ ಹೊತ್ತು ಕಲಿಸಿದವು.

ಇನ್ನೊಂದು ಕಾರಣ ಇಷ್ಟು ಗೌರವದ್ದಲ್ಲ. ಬಡವನಿಗೆ ಬರೆಯಲು ಬಂದರೆ ತಲೆ ನಿಲ್ಲುವುದಿಲ್ಲ ಅನ್ನುವ ಭಯ. ಹ್ಯಾನಾ ಮೋರ್ ಎಂಬ ಲೇಖಕಿ ಮತ್ತು ಅವರ ತಂಗಿ ಮಾರ್ಥಾ 1789ರಿಂದ ಇಂಗ್ಲೆಂಡಿನ ಚೆಡ್ಡರ್ ಸುತ್ತಮುತ್ತಲ ಹಳ್ಳಿಗಳಲ್ಲಿ ಶಾಲೆಗಳನ್ನು ನಡೆಸಿದರು, ಮಳೆ ಕೆಸರು ಲೆಕ್ಕಿಸದೆ ಓಡಾಡಿದರು. ಅಷ್ಟೆಲ್ಲ ಮಾಡಿದ ಹ್ಯಾನಾ ಮೋರ್ ಅವರೇ, ಬಡವರಿಗೆ ಬರವಣಿಗೆ ಕಲಿಸಲು ನಾನು ಬಿಡುವುದಿಲ್ಲ ಅಂತ ಕಾಗದದಲ್ಲಿ ಬರೆದಿದ್ದಾರೆ. ನನಗೆ ಇದು ತಪ್ಪು ಅಂತಲೇ ಅನ್ನಿಸುತ್ತದೆ, ಆ ಕಾಲ ಹಾಗಿತ್ತು ಅಂತ ಹೇಳಿ ಮುಚ್ಚಿಹಾಕಲು ಮನಸ್ಸಿಲ್ಲ, ಯಾಕೆಂದರೆ ಅದೇ ಕಾಲದಲ್ಲಿ ಬೇರೆಯವರು ಬರಹ ಕಲಿಸಿದ್ದಾರೆ. ಓದಲು ಮಾತ್ರ ಬರುವವನು ಬೇರೆಯವರ ಮಾತು ತಿಳಿದುಕೊಳ್ಳಬಹುದು. ತನ್ನ ಮಾತನ್ನು ಕಾಗದದ ಮೇಲೆ ಇಡಲು ಬರವಣಿಗೆ ಬೇಕು.

ಪ್ರಶ್ನೆ: ನಾನು ಇತಿಹಾಸದ ವಿದ್ಯಾರ್ಥಿ. ಗಿರಣಿ ಮಾಲೀಕರಿಗೆ ಹೇಳಿದಂತೆ ಕೇಳುವ, ಹೊತ್ತಿಗೆ ಸರಿಯಾಗಿ ಬರುವ ಕೆಲಸಗಾರರನ್ನು ತಯಾರು ಮಾಡಲಿಕ್ಕೆ ಸಂಡೇ ಸ್ಕೂಲ್ ಬಳಸಿಕೊಂಡರು ಅಂತ ನಮ್ಮ ಕ್ಲಾಸಿನಲ್ಲಿ ಹೇಳುತ್ತಾರೆ. ಇದನ್ನು ಒಪ್ಪುತ್ತೀರಾ?

ಉತ್ತರ: ಅರ್ಧ ಒಪ್ಪುತ್ತೇನೆ. ಅನೇಕ ಮಾಲೀಕರು ಹಣ ಕೊಟ್ಟಿದ್ದು ಅದೇ ಉದ್ದೇಶದಿಂದ. ವಿಧೇಯತೆ, ಶಿಸ್ತು, ಹೊತ್ತಿಗೆ ಸರಿಯಾಗಿ ಬರುವುದು, ದೊಡ್ಡವರಿಗೆ ತಲೆಬಾಗುವುದು, ಆಗಿನ ಪಾಠಗಳಲ್ಲಿ ಇವೆಲ್ಲ ಎದ್ದು ಕಾಣುತ್ತವೆ. ಅಮೆರಿಕದ ಪಾಟಕೆಟ್‌ನಲ್ಲಿ ಸ್ಯಾಮ್ಯುಯೆಲ್ ಸ್ಲೇಟರ್ ತನ್ನ ನೂಲಿನ ಗಿರಣಿಯ ಮಕ್ಕಳಿಗೇ ಸಂಡೇ ಸ್ಕೂಲ್ ಶುರು ಮಾಡಿದ್ದು 1790ರ ದಶಕದಲ್ಲಿ. ವಾರವಿಡೀ ಮಕ್ಕಳನ್ನು ದುಡಿಸಿ ಭಾನುವಾರ ಕಲಿಸುವುದು ಯಾವ ಲೆಕ್ಕ ಅಂತ ಕೇಳುವುದು ನ್ಯಾಯವೇ.

ಆದರೆ ಅದೊಂದೇ ಆಗಿದ್ದರೆ ಶ್ರೀಮಂತರೆಲ್ಲ ಖುಷಿಯಾಗಿರಬೇಕಿತ್ತು, ಅಲ್ವಾ? ಹಾಗಾಗಲಿಲ್ಲ. ಚೆಡ್ಡರ್‌ನಲ್ಲಿ ಹ್ಯಾನಾ ಮೋರ್ ಶಾಲೆಗೆ ಸಹಾಯ ಕೇಳಲು ಹೋದಾಗ ಅಲ್ಲಿನ ದೊಡ್ಡ ರೈತನೊಬ್ಬ, ಧರ್ಮ ಗಿರ್ಮ ಈ ಕಡೆ ತರಬೇಡಿ, ಬಡವರು ಅದರಿಂದ ಸೋಮಾರಿಗಳಾಗುತ್ತಾರೆ ಅಂತ ಬೇಡಿಕೊಂಡನಂತೆ. 1800ರಲ್ಲಿ, ಫ್ರಾನ್ಸಿನ ಕ್ರಾಂತಿಯ ಭಯ ಇನ್ನೂ ಹೋಗಿರದ ಹೊತ್ತಿನಲ್ಲಿ, ರೊಚೆಸ್ಟರಿನ ಬಿಷಪ್ ಸ್ಯಾಮ್ಯುಯೆಲ್ ಹಾರ್ಸ್‌ಲಿ ಕೆಲವು ಸಂಡೇ ಸ್ಕೂಲುಗಳು ಕ್ರಾಂತಿಕಾರರನ್ನು ತಯಾರು ಮಾಡುತ್ತಿವೆ ಅಂತ ಎಚ್ಚರಿಕೆ ಕೊಟ್ಟರು. ಅಕ್ಷರ ಕೈಗೆ ಸಿಕ್ಕ ಮೇಲೆ ಮಗು ಸತ್ಯವೇದ ಮಾತ್ರ ಓದುತ್ತದೆ ಅಂತ ಯಾರು ಗ್ಯಾರಂಟಿ ಕೊಡುತ್ತಾರೆ? ಪತ್ರಿಕೆ ಓದುತ್ತದೆ, ಕರಪತ್ರ ಓದುತ್ತದೆ. ಸತ್ಯವೇದವನ್ನೇ ಓದಿದರೂ ಅಲ್ಲಿ ಬಡವರ ಪರ ಮಾತಾಡಿದ ಪ್ರವಾದಿ ಆಮೋಸ ಇದ್ದಾನೆ, ಯಾಕೋಬನ ಪತ್ರಿಕೆಯ ಐದನೇ ಅಧ್ಯಾಯ ಇದೆ. ಕೂಲಿಯವರ ಕೂಲಿ ಹಿಡಿದಿಟ್ಟುಕೊಂಡ ಐಶ್ವರ್ಯವಂತರಿಗೆ ಅಲ್ಲಿ ಏನು ಹೇಳಿದೆ ಅಂತ ಓದಿ ನೋಡಿ.

ಇನ್ನೊಂದು ಸಂಗತಿ. ಮೊದಲ ತಲೆಮಾರಿನಲ್ಲಿ ಕಲಿತ ಮಕ್ಕಳೇ ದೊಡ್ಡವರಾಗಿ ಟೀಚರ್ ಆದರು. 19ನೇ ಶತಮಾನದ ನಡುವಿನ ಹೊತ್ತಿಗೆ ಎಷ್ಟೋ ಕಡೆ ಕಲಿಸುವವರು, ಕಲಿಯುವವರು, ಲೆಕ್ಕ ಬರೆಯುವವರು, ಲೈಬ್ರರಿ ನೋಡಿಕೊಳ್ಳುವವರು ಎಲ್ಲರೂ ದುಡಿಯುವ ಜನವೇ. ಸಭೆ ಸೇರಿಸುವುದು, ಹತ್ತು ಜನರ ಎದುರು ನಿಂತು ಮಾತಾಡುವುದು, ಹಣಕ್ಕೆ ಲೆಕ್ಕ ಕೊಡುವುದು ಇವನ್ನೆಲ್ಲ ಅವರು ಅಲ್ಲೇ ಕಲಿತರು. ನಿಮ್ಮ ಕ್ಲಾಸಿನಲ್ಲಿ ಈ ಅರ್ಧವನ್ನೂ ಎತ್ತಿ ಕೇಳಿ.

ಪ್ರಶ್ನೆ: ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ಬುಗಳು ಸಂಡೇ ಸ್ಕೂಲಿನಿಂದ ಹುಟ್ಟಿದವು ಅಂತಾರೆ. ಸುಮ್ನೆ ಹೇಳುತ್ತಾರಾ?

ಉತ್ತರ: ಎಲ್ಲ ಕ್ಲಬ್ಬುಗಳಲ್ಲ, ಕೆಲವು. ಬೋಲ್ಟನ್ ವಾಂಡರರ್ಸ್ 1874ರಲ್ಲಿ ಕ್ರೈಸ್ಟ್ ಚರ್ಚ್ ಎಂಬ ಸಭೆಯ ಸಂಡೇ ಸ್ಕೂಲ್ ತಂಡವಾಗಿ ಶುರುವಾಯಿತು. ಎವರ್ಟನ್ ಕೂಡ 1878ರಲ್ಲಿ ಒಂದು ಮೆಥಡಿಸ್ಟ್ ಸಭೆಯ ಹುಡುಗರಿಂದ ಹುಟ್ಟಿದ್ದು. ಇದೇ ಸಾಲಿನಲ್ಲಿ ಬಾಯ್ಸ್ ಬ್ರಿಗೇಡನ್ನೂ ಸೇರಿಸಿ. ಗ್ಲಾಸ್ಗೋದಲ್ಲಿ ವಿಲಿಯಂ ಸ್ಮಿತ್ ಎಂಬ ಸಂಡೇ ಸ್ಕೂಲ್ ಟೀಚರ್ ದೊಡ್ಡ ಹುಡುಗರು ಕ್ಲಾಸಿನಲ್ಲಿ ನಿಲ್ಲದೆ ಒದ್ದಾಡುವುದನ್ನು ನೋಡಿ 1883ರಲ್ಲಿ ಅದನ್ನು ಶುರು ಮಾಡಿದರು.

ಪ್ರಶ್ನೆ: ನನಗೆ ಐವತ್ತು ದಾಟಿದೆ. ಚಿಕ್ಕಂದಿನಲ್ಲಿ ಸತ್ಯವೇದ ಸರಿಯಾಗಿ ಕಲಿಯಲಿಲ್ಲ. ಸಂಡೇ ಸ್ಕೂಲ್ ಮಕ್ಕಳಿಗೆ ಮಾತ್ರ ಅಂತಾರೆ, ದೊಡ್ಡವರು ಹೋಗಿ ಕೂತರೆ ನಗುತ್ತಾರಾ?

ಉತ್ತರ: ನಗುವವರಿಗೆ ವೇಲ್ಸ್ ದೇಶದ ಕಥೆ ಹೇಳಿ. ಅಲ್ಲಿ ಸಂಡೇ ಸ್ಕೂಲ್ ಅಂದರೆ ಅಜ್ಜ, ಅಮ್ಮ, ಮೊಮ್ಮಗು ಎಲ್ಲರಿಗೂ ಇದ್ದದ್ದು. ಬಾಲಾ ಎಂಬ ಊರಿನ ಥಾಮಸ್ ಚಾರ್ಲ್ಸ್ ಎಂಬ ಪಾದ್ರಿ 18ನೇ ಶತಮಾನದ ಕೊನೆಯಲ್ಲಿ ಇದನ್ನು ದೇಶದ ತುಂಬ ಹರಡಿದರು. ವಯಸ್ಸಾದವರು ಕನ್ನಡಕ ಹಾಕಿಕೊಂಡು ಅಕ್ಷರ ಕೂಡಿಸಿ ಓದಲು ಕಲಿತರು. ಮುಖ್ಯವಾಗಿ, ಕಲಿಸಿದ್ದು ಜನರ ಸ್ವಂತ ಮಾತಿನಲ್ಲಿ, ಅಂದರೆ ವೆಲ್ಷ್ ಭಾಷೆಯಲ್ಲಿ. ಎಷ್ಟೋ ಕಡೆ ವಾರದ ಶಾಲೆಯಲ್ಲಿ ಇಂಗ್ಲಿಷ್ ಬಿಟ್ಟು ಮಾತಾಡಿದರೆ ಮಕ್ಕಳಿಗೆ ಶಿಕ್ಷೆ. 1847ರಲ್ಲಿ ಸರ್ಕಾರ ಕಳಿಸಿದ ಅಧಿಕಾರಿಗಳಿಗೆ ವೆಲ್ಷ್ ಬರುತ್ತಿರಲಿಲ್ಲ, ಆ ಜನರ ಬಗ್ಗೆ ಅವರು ತುಂಬ ಕೀಳಾಗಿ ವರದಿ ಬರೆದರು. ಅಂಥ ಕಾಲದಲ್ಲಿ ತಮ್ಮ ಭಾಷೆಯಲ್ಲಿ ಓದಿ, ತಮ್ಮ ಭಾಷೆಯಲ್ಲೇ ಚರ್ಚೆ ಮಾಡಲು ಜನರಿಗೆ ಉಳಿದಿದ್ದ ದೊಡ್ಡ ಜಾಗ ಸಂಡೇ ಸ್ಕೂಲ್. ವೆಲ್ಷ್ ಭಾಷೆ ಇವತ್ತಿಗೂ ಉಸಿರಾಡುತ್ತಿರುವುದಕ್ಕೆ ಇದೂ ಒಂದು ಕಾರಣ.

ಮೇರಿ ಜೋನ್ಸ್ ಹೆಸರು ನೀವು ಕೇಳಿರಬಹುದು. ನೇಯ್ಗೆಯವರ ಮನೆಯ ಹುಡುಗಿ. ಥಾಮಸ್ ಚಾರ್ಲ್ಸ್ ಏರ್ಪಡಿಸಿದ ಶಾಲೆಯಲ್ಲಿ ಓದಲು ಕಲಿತು, ವರ್ಷಗಟ್ಟಲೆ ಕಾಸು ಕೂಡಿಟ್ಟು, 1800ರಲ್ಲಿ ತನ್ನ ಹಳ್ಳಿಯಿಂದ ಬಾಲಾಗೆ 26 ಮೈಲಿ ನಡೆದು ಹೋಗಿ ವೆಲ್ಷ್ ಸತ್ಯವೇದ ಕೊಂಡಳು. ಆಗ ಅವಳಿಗೆ 15 ವರ್ಷ. ವೆಲ್ಷ್ ಸತ್ಯವೇದದ ಕೊರತೆಯನ್ನು ಥಾಮಸ್ ಚಾರ್ಲ್ಸ್ ಲಂಡನ್ನಿಗೆ ಹೋಗಿ ಹೇಳಿದರು, 1804ರಲ್ಲಿ ಬ್ರಿಟಿಷ್ ಮತ್ತು ವಿದೇಶಿ ಬೈಬಲ್ ಸೊಸೈಟಿ ಹುಟ್ಟಲು ಅದು ಕಾರಣ ಆಯಿತು.

ನೀವು ಧೈರ್ಯವಾಗಿ ಹೋಗಿ. ನಿಮ್ಮ ಸಭೆಯಲ್ಲಿ ದೊಡ್ಡವರ ಕ್ಲಾಸ್ ಇಲ್ಲದಿದ್ದರೆ ಸಭಾಪಾಲಕರನ್ನು ಕೇಳಿ. ಇಬ್ಬರು ಸೇರಿದರೂ ಮಾರ್ಕನ ಸುವಾರ್ತೆಯಿಂದ ಶುರು ಮಾಡಬಹುದು. 16 ಅಧ್ಯಾಯ, ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು.

ಪ್ರಶ್ನೆ: ಅಮೆರಿಕದಲ್ಲಿ ಗುಲಾಮರಾಗಿದ್ದ ಕಪ್ಪು ಜನರಿಗೂ ಸಂಡೇ ಸ್ಕೂಲ್ ಇತ್ತಾ?

ಉತ್ತರ: ಇತ್ತು, ಈ ಕಥೆಯಲ್ಲಿ ಬೆಳಕೂ ಇದೆ, ನಾಚಿಕೆಯೂ ಇದೆ.

ನ್ಯೂಯಾರ್ಕಿನಲ್ಲಿ ಕೇಟಿ ಫರ್ಗ್ಯುಸನ್ ಅಂತ ಒಬ್ಬರು. ಗುಲಾಮಳಾಗಿ ಹುಟ್ಟಿ, ಆಮೇಲೆ ಬಿಡುಗಡೆ ಪಡೆದವರು. 1793ರಲ್ಲಿ ತಮ್ಮ ಮನೆಯಲ್ಲೇ ಬೀದಿಯ ಬಡ ಮಕ್ಕಳನ್ನು ಕೂಡಿಸಿದರು, ಕಪ್ಪು ಮಕ್ಕಳು ಬಿಳಿ ಮಕ್ಕಳು ಒಟ್ಟಿಗೆ. ಅವರಿಗೆ ಸ್ವತಃ ಓದಲು ಬರುತ್ತಿರಲಿಲ್ಲ. ತಮಗೆ ಬಾಯಿಪಾಠ ಬರುತ್ತಿದ್ದದ್ದನ್ನು ಕಲಿಸಿದರು, ಓದು ಕಲಿಸಲು ಬೇರೆಯವರನ್ನು ಕರೆತಂದರು.

ದಕ್ಷಿಣದ ರಾಜ್ಯಗಳಲ್ಲಿ ಪರಿಸ್ಥಿತಿ ಬೇರೆ. 1831ರಲ್ಲಿ ನ್ಯಾಟ್ ಟರ್ನರ್ ಎಂಬ ಗುಲಾಮನ ಮುಂದಾಳತ್ವದಲ್ಲಿ ಗುಲಾಮರ ದಂಗೆ ಆಯಿತು. ಆ ವರ್ಷಗಳಲ್ಲಿ ಅಲ್ಲಿನ ಹಲವು ರಾಜ್ಯಗಳು ಗುಲಾಮರಿಗೆ ಓದು ಕಲಿಸುವುದನ್ನೇ ಅಪರಾಧ ಮಾಡಿದವು. ಆಗ ಕೆಲವು ಪಾದ್ರಿಗಳು ಬಾಯಿಪಾಠದ ಕ್ಯಾಟಿಕಿಸಂ ತಯಾರಿಸಿದರು. ಧರ್ಮ ಕಲಿಸಬಹುದು, ಆದರೆ ಪುಸ್ತಕ ಕೈಗೆ ಕೊಡಬಾರದು. ಯಜಮಾನರಿಗೆ ಬೇಕಾದ ವಚನ ಮಾತ್ರ ಕಿವಿಗೆ ಬೀಳಬೇಕು. ಇದನ್ನು ಒಪ್ಪದವರಲ್ಲಿ, ಆಮೇಲೆ ಗುಲಾಮಗಿರಿ ವಿರುದ್ಧದ ಹೋರಾಟಗಾರರಾಗಿ ಹೆಸರಾದ ಫ್ರೆಡರಿಕ್ ಡಗ್ಲಸ್ ಒಬ್ಬರು. ಇನ್ನೂ ಗುಲಾಮನಾಗಿದ್ದಾಗಲೇ ಮೇರಿಲ್ಯಾಂಡಿನಲ್ಲಿ ಅವರು ಸಬ್ಬತ್ ಶಾಲೆ ನಡೆಸಿ ಓದು ಕಲಿಸಿದರು. ಮೊದಲನೆಯದನ್ನು ಬಿಳಿಯರ ಗುಂಪೊಂದು ಕೋಲು ಹಿಡಿದು ಬಂದು ಮುಚ್ಚಿಸಿತು, ಆ ಗುಂಪಿನಲ್ಲಿ ಮೆಥಡಿಸ್ಟ್ ಸಭೆಯ ಮುಖಂಡರೇ ಇದ್ದರು. ಡಗ್ಲಸ್ ಬಿಡಲಿಲ್ಲ. 1835ರ ಹೊತ್ತಿಗೆ ಬೇರೊಂದು ಹೊಲದಲ್ಲಿ ದುಡಿಯುವಾಗ ಮತ್ತೆ ಗುಟ್ಟಾಗಿ ಶುರು ಮಾಡಿದರು. 40ಕ್ಕೂ ಹೆಚ್ಚು ಜನ ಬಂದರು. ಸಿಕ್ಕಿಬಿದ್ದರೆ ಬೆನ್ನಿನ ಮೇಲೆ ಚಾಟಿ ಏಟು ಅಂತ ಗೊತ್ತಿದ್ದೂ ಬಂದರು.

ಸಂಡೇ ಸ್ಕೂಲ್ ಎಂದರೇನು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಈ ಗುಟ್ಟಿನ ಶಾಲೆಯ ಬಗ್ಗೆ. ದೇವರ ವಾಕ್ಯವನ್ನು ಬೇರೆಯವರ ಬಾಯಿಂದ ಕೇಳುವುದು ಬೇರೆ, ತಾನೇ ಓದಿ ತಿಳಿಯುವುದು ಬೇರೆ. ಆ ವ್ಯತ್ಯಾಸ ಎಷ್ಟು ದೊಡ್ಡದು ಅಂತ ಯಜಮಾನರಿಗೂ ಗೊತ್ತಿತ್ತು, ಅದಕ್ಕೇ ಹೆದರಿದರು.

ಪ್ರಶ್ನೆ: ಈಗ ಎಲ್ಲ ಮಕ್ಕಳೂ ಶಾಲೆಗೆ ಹೋಗಿ ಓದು ಬರಹ ಕಲಿಯುತ್ತಾರೆ. ಹಾಗಿದ್ದ ಮೇಲೆ ಸಂಡೇ ಸ್ಕೂಲ್ ಯಾಕೆ ಬೇಕು?

ಉತ್ತರ: ಇದೇ ಪ್ರಶ್ನೆ ಇಂಗ್ಲೆಂಡಿನಲ್ಲಿ 1870ರಲ್ಲೇ ಎದ್ದಿತು. ಆ ವರ್ಷದ ಶಿಕ್ಷಣ ಕಾಯ್ದೆಯಿಂದ ಊರೂರಿಗೆ ಶಾಲೆ ಬಂತು, 1880ರಲ್ಲಿ ಹತ್ತು ವರ್ಷದವರೆಗಿನ ಮಕ್ಕಳು ಶಾಲೆಗೆ ಹೋಗುವುದು ಕಡ್ಡಾಯ ಆಯಿತು. ಅಕ್ಷರ ಕಲಿಸುವ ಹೊಣೆ ಸಂಡೇ ಸ್ಕೂಲಿನ ಹೆಗಲಿಂದ ಇಳಿಯಿತು. ಉಳಿದದ್ದು ನಂಬಿಕೆಯ ಪಾಠ.

ಆ ಪಾಠ ಹೇಗಿರಬೇಕು ಅಂತ ಅಮೆರಿಕದಲ್ಲಿ ದೊಡ್ಡ ಚರ್ಚೆ ನಡೆಯಿತು. 1872ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಸೇರಿದ ಸಮ್ಮೇಳನ ಎಲ್ಲ ಸಭೆಗಳಿಗೂ, ಎಲ್ಲ ವಯಸ್ಸಿನವರಿಗೂ ಒಂದೊಂದು ಭಾನುವಾರಕ್ಕೆ ಒಂದೇ ಪಾಠ ಅಂತ ತೀರ್ಮಾನ ಮಾಡಿತು. ಇದರಿಂದ ಒಂದು ಒಳ್ಳೆಯದಾಯಿತು. ಬೇರೆ ಬೇರೆ ಪಂಗಡದ ಟೀಚರ್‌ಗಳು ಒಟ್ಟಿಗೆ ಕೂತು ತಯಾರಿ ಮಾಡಿಕೊಳ್ಳಬಹುದು, ಮನೆಯಲ್ಲಿ ಎಲ್ಲರೂ ಅದೇ ಭಾಗ ಮಾತಾಡಬಹುದು. ತೊಂದರೆಯೂ ಆಯಿತು, ಐದು ವರ್ಷದ ಮಗುವಿಗೂ ಐವತ್ತು ವರ್ಷದವರಿಗೂ ಒಂದೇ ಭಾಗ ಹೊಂದುವುದು ಕಷ್ಟ. 1908ರಲ್ಲಿ ವಯಸ್ಸಿಗೆ ತಕ್ಕ ಪಾಠಗಳಿಗೆ ಒಪ್ಪಿಗೆ ಸಿಕ್ಕಿತು. ಈಗ ನೀವು ನೋಡುವ ಚಿಕ್ಕವರ ಕ್ಲಾಸ್, ನಡುವಯಸ್ಸಿನವರ ಕ್ಲಾಸ್, ದೊಡ್ಡವರ ಕ್ಲಾಸ್ ಎಲ್ಲ ಅಲ್ಲಿಂದ ಬೆಳೆದದ್ದು.

ಯಾಕೆ ಬೇಕು ಅಂತ ಕೇಳಿದಿರಿ. ಶಾಲೆಯಲ್ಲಿ ಓದಲು ಕಲಿತ ಮಗು ಸತ್ಯವೇದ ಓದಲು ಕಲಿತಿದೆ ಅಂತ ಅರ್ಥ ಅಲ್ಲ. ಇದು ಕೀರ್ತನೆಯೋ ಕಥೆಯೋ ಪತ್ರವೋ, ಯಾರು ಯಾರಿಗೆ ಹೇಳಿದ್ದು, ಹಿಂದಿನ ವಚನ ಏನು, ಮುಂದಿನದೇನು ಅಂತ ನೋಡುವ ಅಭ್ಯಾಸ ಬೇರೆಯೇ. ಅದನ್ನು ಯಾರಾದರೂ ಪಕ್ಕದಲ್ಲಿ ಕೂತು ಹೇಳಿಕೊಡಬೇಕು. ಜೊತೆಗೆ, ಅಪ್ಪ ಅಮ್ಮ ಅಲ್ಲದ ಇನ್ನೊಬ್ಬ ದೊಡ್ಡವರು ತನ್ನ ಹೆಸರು ಹಿಡಿದು ಕರೆದು, ಹೋದ ವಾರ ಯಾಕೆ ಬರಲಿಲ್ಲ ಅಂತ ಕೇಳುವುದು ಮಗುವಿಗೆ ಚಿಕ್ಕ ವಿಷಯ ಅಲ್ಲ. ಇದು ಮನೆಯವರ ಹೊಣೆಯನ್ನು ಕಡಿಮೆ ಮಾಡುವುದಿಲ್ಲ. ಧರ್ಮೋಪದೇಶಕಾಂಡದ ಆರನೇ ಅಧ್ಯಾಯದಲ್ಲಿ ಮನೆಯಲ್ಲಿ ಕೂತಾಗ, ದಾರಿಯಲ್ಲಿ ನಡೆಯುವಾಗ ಮಕ್ಕಳಿಗೆ ಹೇಳಿಕೊಡಿ ಅಂತ ಹೇಳಿರುವುದು ತಂದೆತಾಯಿಗಳಿಗೇ.

ಪ್ರಶ್ನೆ: ನಾನು ಸಂಡೇ ಸ್ಕೂಲ್ ಟೀಚರ್. ನಮ್ಮ ಮಕ್ಕಳು ಕಂಠಪಾಠ ವಚನ ಗಡಗಡ ಹೇಳುತ್ತಾರೆ, ಬಹುಮಾನ ತೆಗೆದುಕೊಳ್ಳುತ್ತಾರೆ. ಅರ್ಥ ಕೇಳಿದರೆ ಬಾಯಿ ಬಿಡುವುದಿಲ್ಲ. ಕಂಠಪಾಠ ನಿಲ್ಲಿಸಬೇಕಾ?

ಉತ್ತರ: ನಿಲ್ಲಿಸಬೇಡಿ. ಕಡಿಮೆ ಮಾಡಿ. ಈ ಕಾಯಿಲೆ ಹಳೆಯದು. 19ನೇ ಶತಮಾನದ ಶುರುವಿನಲ್ಲಿ ಅಮೆರಿಕದ ಶಾಲೆಗಳಲ್ಲಿ ಇಷ್ಟು ವಚನಕ್ಕೆ ಒಂದು ಟಿಕೆಟ್, ಇಷ್ಟು ಟಿಕೆಟಿಗೆ ಒಂದು ಪುಸ್ತಕ ಅಂತ ಇಟ್ಟಿದ್ದರು. ಮಕ್ಕಳು ನೂರಾರು ವಚನ ಒಪ್ಪಿಸಲು ಶುರು ಮಾಡಿದರು, ಟೀಚರ್‌ಗೆ ಕೇಳಿಸಿಕೊಳ್ಳುವುದರಲ್ಲೇ ಗಂಟೆ ಮುಗಿಯುತ್ತಿತ್ತು. ಕೊನೆಗೆ 1820ರ ದಶಕದಲ್ಲಿ ಅವರೇ ಬೇಸತ್ತು, ವಾರಕ್ಕೆ ಕೆಲವೇ ವಚನ ಆರಿಸಿ ಅದರ ಮೇಲೆ ಪ್ರಶ್ನೆ ಕೇಳುವ ಪಾಠಕ್ಕೆ ಬದಲಾದರು.

ಬಾಯಿಗೆ ಬಂದ ವಚನ ಎಲ್ಲೂ ಹೋಗುವುದಿಲ್ಲ, ಆಸ್ಪತ್ರೆಯ ಹಾಸಿಗೆಯಲ್ಲಿ ಚಿಕ್ಕಂದಿನ 23ನೇ ಕೀರ್ತನೆ ನೆನಪಾಯಿತು ಅಂತ ಹೇಳುವವರು ಎಲ್ಲ ಸಭೆಗಳಲ್ಲೂ ಇದ್ದಾರೆ. ಹಾಗಾಗಿ ಅದು ಬೇಕು. ಆದರೆ ತಿಂಗಳಿಗೆ ಒಂದು ಭಾಗ ಸಾಕು. ಮೊದಲ ವಾರ ಸುಮ್ಮನೆ ಓದಿಸಿ, ಒಬ್ಬೊಬ್ಬರಿಂದ ಒಂದೊಂದು ಸಾಲು. ಎರಡನೇ ವಾರ ಪುಸ್ತಕ ಮುಚ್ಚಿ ಅವರವರ ಮಾತಿನಲ್ಲಿ ಹೇಳಿಸಿ, ತಪ್ಪಿದರೆ ತಿದ್ದಲು ಅವಸರ ಬೇಡ, ಪುಸ್ತಕ ತೆಗೆದು ಅವರೇ ಹುಡುಕಲಿ. ಬಾಯಿಪಾಠ ಆಮೇಲೆ ತಾನಾಗಿ ಬರುತ್ತದೆ. ಬಹುಮಾನ ಕೊಡುವುದಾದರೆ ಒಳ್ಳೆ ಪ್ರಶ್ನೆ ಕೇಳಿದ ಮಗುವಿಗೂ ಕೊಡಿ. ಮಾತು ತೊದಲುವ, ಎಲ್ಲರ ಎದುರು ನಿಲ್ಲಲು ನಡುಗುವ ಮಗುವನ್ನು ಮಾತ್ರ ವೇದಿಕೆ ಹತ್ತಿಸಿ ವಚನ ಹೇಳಿಸಬೇಡಿ, ದಯವಿಟ್ಟು. ಆ ಅವಮಾನ ವಚನಕ್ಕಿಂತ ಜಾಸ್ತಿ ದಿನ ನೆನಪಿರುತ್ತದೆ.

ಪ್ರಶ್ನೆ: ನನ್ನ ಎಂಟು ವರ್ಷದ ಮಗ ತುಂಬ ಪ್ರಶ್ನೆ ಕೇಳುತ್ತಾನೆ. ಕಳೆದುಹೋದ ಕುರಿಯ ಪಾಠದ ದಿನ, ಕುರುಬ ಒಂದು ಕುರಿ ಹುಡುಕಲು ಹೋದರೆ ಉಳಿದ 99 ಕುರಿಗಳನ್ನು ಯಾರು ನೋಡಿಕೊಂಡರು ಅಂತ ಕೇಳಿದನಂತೆ. ಟೀಚರ್ ಅಧಿಕಪ್ರಸಂಗ ಮಾಡಬೇಡ, ಸುಮ್ಮನೆ ಕೂರು ಅಂದರಂತೆ. ಈಗ ಹೋಗಲ್ಲ ಅಂತ ಹಟ ಮಾಡುತ್ತಿದ್ದಾನೆ. ಏನು ಮಾಡಲಿ?

ಉತ್ತರ: ಅಮ್ಮಾ, ನಿಮ್ಮ ಮಗ ಕೇಳಿದ್ದು ಅಧಿಕಪ್ರಸಂಗ ಅಲ್ಲ, ಪಾಠವನ್ನು ಮನಸ್ಸಿಟ್ಟು ಕೇಳಿದವರಿಗೆ ಮಾತ್ರ ಹುಟ್ಟುವ ಪ್ರಶ್ನೆ. ಹೀಗೆ ಮಾಡಿ. ಇವತ್ತು ರಾತ್ರಿ ಅವನ ಜೊತೆ ಕೂತು ಲೂಕ 15 ತೆಗೆಯಿರಿ. ಮೊದಲ ಏಳು ವಚನ ಅವನೇ ಓದಲಿ. ಕುರುಬ ಆ 99 ಕುರಿಗಳನ್ನು ಅಡವಿಯಲ್ಲಿ ಬಿಟ್ಟು ಹೋದ ಅಂತ ಅಲ್ಲಿದೆ. ಆಮೇಲೆ ಮತ್ತಾಯ 18ರಲ್ಲಿ 12ನೇ ವಚನದಿಂದ ಓದಿಸಿ. ಅದೇ ಸಾಮ್ಯದ ಕಥೆ, ಆದರೆ ಅಲ್ಲಿ ಬೆಟ್ಟದ ಮೇಲೆ ಬಿಟ್ಟು ಹೋಗುತ್ತಾನೆ. ಎರಡರಲ್ಲೂ ಇನ್ನೊಬ್ಬ ಕಾವಲುಗಾರ ಇದ್ದ ಅಂತ ಎಲ್ಲೂ ಇಲ್ಲ. ಅದನ್ನು ಅವನೇ ಕಂಡುಕೊಳ್ಳಲಿ. ಇದ್ದ ಅಂತ ನೀವು ಸೇರಿಸಿ ಹೇಳಬೇಡಿ.

ಆಮೇಲೆ ಕೇಳಿ, ಯೇಸು ಇದನ್ನು ಯಾರಿಗೆ ಹೇಳಿದರು? ಲೂಕನಲ್ಲಿ ಕೇಳುತ್ತಿರುವವರು ಗೊಣಗುತ್ತಿದ್ದ ಫರಿಸಾಯರು, ಅಂದರೆ ಧರ್ಮದ ನಿಯಮಗಳನ್ನು ಕಟ್ಟುನಿಟ್ಟಾಗಿ ಹಿಡಿದ ಯೆಹೂದ್ಯರ ಒಂದು ಪಂಗಡದವರು, ಪಾಪಿಗಳ ಜೊತೆ ಊಟಕ್ಕೆ ಕೂರುತ್ತಾನಲ್ಲ ಇವನು ಅಂತ. ಮತ್ತಾಯನಲ್ಲಿ ಶಿಷ್ಯರಿಗೆ ಹೇಳುತ್ತಿದ್ದಾರೆ, ಈ ಚಿಕ್ಕವರಲ್ಲಿ ಒಬ್ಬನನ್ನೂ ತಾತ್ಸಾರ ಮಾಡಬೇಡಿ ಅಂದ ಮೇಲೆ. ನೀನು ಕಳೆದುಹೋದ ಕುರಿ ಆಗಿದ್ದರೆ ಹೇಗನ್ನಿಸುತ್ತಿತ್ತು, 99ರಲ್ಲಿ ಒಂದಾಗಿದ್ದರೆ ಹೇಗನ್ನಿಸುತ್ತಿತ್ತು ಅಂತ ಕೇಳಿ. ಎಂಟು ವರ್ಷದವನು ಏನು ಹೇಳುತ್ತಾನೋ ಅದನ್ನು ಕೇಳಿಸಿಕೊಳ್ಳಿ.

ಟೀಚರ್ ಜೊತೆಯೂ ಮಾತಾಡಿ, ಆದರೆ ಜಗಳಕ್ಕೆ ಹೋಗಬೇಡಿ. ಹೆಚ್ಚಿನ ಟೀಚರ್‌ಗಳು ವಾರವಿಡೀ ದುಡಿದು, ಒಂದು ರೂಪಾಯಿ ತೆಗೆದುಕೊಳ್ಳದೆ ಬಂದು ಕಲಿಸುವವರು. ಉತ್ತರ ಗೊತ್ತಿಲ್ಲದಿದ್ದಾಗ ಗಾಬರಿಯಾಗಿ ಗದರುತ್ತಾರೆ. ನೀವು ಓದಿದ ಈ ಎರಡು ಭಾಗಗಳನ್ನು ಅವರಿಗೂ ತೋರಿಸಿ, ಮುಂದಿನ ಭಾನುವಾರ ಹತ್ತು ನಿಮಿಷ ಇದನ್ನೇ ಮಕ್ಕಳ ಎದುರು ಇಡಬಹುದಾ ಅಂತ ಕೇಳಿ. ನಿನ್ನ ಪ್ರಶ್ನೆ ಚೆನ್ನಾಗಿತ್ತು ಕಣೋ ಅಂತ ಟೀಚರ್ ಒಂದು ಮಾತು ಹೇಳಿದರೆ ಅವನು ಮತ್ತೆ ಬರುತ್ತಾನೆ. ಟೀಚರ್ ಒಪ್ಪದಿದ್ದರೆ, ಸಭಾಪಾಲಕರ ಹತ್ತಿರ ಮಗನನ್ನೇ ಕರೆದುಕೊಂಡು ಹೋಗಿ, ಪ್ರಶ್ನೆಯನ್ನು ಅವನೇ ಕೇಳಲಿ.